ವಿನ್ಯಾಸ ತಂತ್ರಾಂಶವೂ ಪರ್ಯಾಯ ಕಾರ್ಯಾಚರಣ ವ್ಯವಸ್ಥೆಗಳೂ

‘ವಿನ್ಯಾಸ’ ಎಂಬ ಶಬ್ದವು ‘ವಿ’, ‘ನಿ’ ಎಂಬ ಎರಡು ಉಪಸರ್ಗಗಳು ಕೂಡಿದ ‘ಅಸ್’ ಧಾತುವಿನಿಂದ ನಿಷ್ಪನ್ನವಾದುದು. ಕ್ರಮವರಿತು ಇಡುವುದು, ಒಂದೊಂದನ್ನೂ ತಕ್ಕ ಎಡೆಯಲ್ಲಿ ನೆಲೆಗೊಳಿಸುವುದು ಎಂಬುದು ಅದರ ಮೂಲಾರ್ಥ. ಕವಿಯು ಪದಗಳನ್ನು ವಿನ್ಯಾಸಗೊಳಿಸುವಂತೆ ಎಂಜಿನಿಯರನು ಗೆರೆ, ಕೋನ, ಅಳತೆಗಳನ್ನು ವಿನ್ಯಾಸಗೊಳಿಸುತ್ತಾನೆ. ಹಿಂದಿನ ಕಾಲದಲ್ಲಿ ಈ ಕಾರ್ಯಕ್ಕೆ ಓರೆಯಾದ ಮರದ ಹಲಗೆ, ಟೀ ಸ್ಕ್ವೇರ್, ಕೈವಾರ, ಮೊನೆಗೊಳಿಸಿದ ಪೆನ್ಸಿಲು ಇಷ್ಟೇ ಸಾಕಾಗಿದ್ದವು. ಹೀಗೆ ಬರೆದ ನಕ್ಷೆಯನ್ನು ಸುರುಳಿ ಸುತ್ತಿ ಕಪಾಟಿನಲ್ಲಿಟ್ಟರೆ ಐವತ್ತು ವರ್ಷಗಳ ಅನಂತರವೂ ಬಿಚ್ಚಿ ಓದಬಹುದಾಗಿತ್ತು. ಕಾಗದಕ್ಕೂ ಕಣ್ಣಿಗೂ ನಡುವೆ ಬೆಳಕಿನ ಹೊರತು ಬೇರೆ ಮಧ್ಯಸ್ಥಿಕೆ ಇರಲಿಲ್ಲ.

ಗಣಕಯಂತ್ರವು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಈಗ ನಕ್ಷೆಯನ್ನು ನೋಡಬೇಕಾದರೆ ಯಂತ್ರವೊಂದಿರಬೇಕು, ಆ ಯಂತ್ರವನ್ನು ಆಳುವ ಕಾರ್ಯಾಚರಣ ವ್ಯವಸ್ಥೆಯೊಂದಿರಬೇಕು, ಅದರ ಆಶ್ರಯದಲ್ಲಿ ನಡೆಯುವ ವಿನ್ಯಾಸ ತಂತ್ರಾಂಶವಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ನಕ್ಷೆಯು ಇದ್ದೂ ಇಲ್ಲದಂತೆ. ನಡುವಣದಾದ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸಬಹುದೇ, ಬದಲಿಸಿದರೆ ವೃತ್ತಿಪರ ವಿನ್ಯಾಸ ತಂತ್ರಾಂಶದ ಗತಿಯೇನು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಕಾರ್ಯಾಚರಣ ವ್ಯವಸ್ಥೆಯೆಂದರೇನೆಂಬುದನ್ನು ಕಚೇರಿಯ ಶಿರಸ್ತೇದಾರನ ದೃಷ್ಟಾಂತದಿಂದ ತಿಳಿಯಬಹುದು. ಅರ್ಜಿದಾರನು ನೇರವಾಗಿ ಖಜಾನೆಗೂ ಹೋಗುವಂತಿಲ್ಲ, ದಫ್ತರಕ್ಕೂ ಕೈಹಾಕುವಂತಿಲ್ಲ. ಏನು ಬೇಕಾದರೂ ಶಿರಸ್ತೇದಾರನ ಮುಂದೆ ನಿಗದಿಯಾದ ನಮೂನೆಯಲ್ಲಿ ಅರ್ಜಿ ಹಿಡಿಯಬೇಕು. ತಂತ್ರಾಂಶಗಳೆಲ್ಲ ಇಂಥ ಅರ್ಜಿದಾರರು. ಸ್ಮೃತಿಯಲ್ಲಿ ಸ್ಥಳ ಬೇಕು, ಪರದೆಯ ಮೇಲೆ ಗೆರೆ ಮೂಡಬೇಕು, ಕಡತವನ್ನು ತೆರೆಯಬೇಕು ಎಂದು ಕ್ಷಣಕ್ಷಣಕ್ಕೂ ಅವು ವ್ಯವಸ್ಥೆಯನ್ನು ಬೇಡುತ್ತಿರುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್, ಆಪಲ್ ಸಂಸ್ಥೆಯ ಮ್ಯಾಕ್ ಓಎಸ್, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸನು ಆರಂಭಿಸಿ ಈಗ ಲೋಕವೇ ಬೆಳೆಸುತ್ತಿರುವ ಲಿನಕ್ಸ್, ಈ ಮೂರೂ ಕಚೇರಿಗಳ ಅರ್ಜಿಯ ನಮೂನೆಗಳು ಬೇರೆಬೇರೆ. ಒಂದರ ನಮೂನೆಯಲ್ಲಿ ಬರೆದುದನ್ನು ಇನ್ನೊಂದು ಸ್ವೀಕರಿಸದು. ಸಮಸ್ಯೆಯ ಬೇರು ಇಲ್ಲಿದೆ.

ಈ ಪ್ರಶ್ನೆಯು ಈಗ ಕೇವಲ ಕುತೂಹಲದ್ದಾಗಿ ಉಳಿದಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11, ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗವಿಲ್ಲದ ಹಳೆಯ ಯಂತ್ರಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಪಾಲಿಟೆಕ್ನಿಕ್ಕುಗಳ ಪ್ರಯೋಗಶಾಲೆಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿರುವ ಅನೇಕ ಗಣಕಗಳು ಹೀಗೆ ನಡುನೀರಿನಲ್ಲಿ ನಿಂತಿವೆ. ಅವುಗಳಲ್ಲಿ ಲಿನಕ್ಸ್ ಚೆನ್ನಾಗಿ ನಡೆಯುತ್ತದೆ. ಆದರೆ ವಿದ್ಯಾರ್ಥಿಯು ಕಲಿಯಬೇಕಾದ, ಕೆಲಸಗಾರನು ಬಳಸಬೇಕಾದ ವಿನ್ಯಾಸ ತಂತ್ರಾಂಶವು ಅಲ್ಲಿ ನಡೆಯುವುದೇ?

ಉತ್ತರಕ್ಕೆ ಮುನ್ನ ಸ್ವಲ್ಪ ಇತಿಹಾಸವನ್ನು ಅವಲೋಕಿಸುವುದು ಯುಕ್ತ. ವಿನ್ಯಾಸ ತಂತ್ರಾಂಶವೆಂದರೆ ವಿಂಡೋಸ್ ಎಂಬ ಭಾವನೆ ಜನರಲ್ಲಿ ಎಷ್ಟು ಬೇರೂರಿದೆಯೆಂದರೆ ಅದು ಆದಿಯಿಂದಲೂ ಹೀಗೆಯೇ ಇತ್ತೆಂದು ಹಲವರು ನಂಬುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಅಮೆರಿಕೆಯ ಎಂ.ಐ.ಟಿ.ಯಲ್ಲಿ ಐವಾನ್ ಸದರ್ಲೆಂಡನು 1963ರಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆಯುವ ‘ಸ್ಕೆಚ್‌ಪ್ಯಾಡ್’ ತಂತ್ರಾಂಶವನ್ನು ತೋರಿಸಿದಾಗ ಮೈಕ್ರೋಸಾಫ್ಟ್ ಸಂಸ್ಥೆಯೇ ಹುಟ್ಟಿರಲಿಲ್ಲ. ಫ್ರಾನ್ಸಿನ ವಿಮಾನ ಕಾರ್ಖಾನೆಯೊಂದರ ಅಗತ್ಯಗಳಿಂದ ಮೂಡಿದ ಕಾಟಿಯಾ ತಂತ್ರಾಂಶವು ಮೊದಲು ಐ.ಬಿ.ಎಂ. ಸಂಸ್ಥೆಯ ದೊಡ್ಡ ಗಣಕಗಳಲ್ಲಿಯೂ ಬಳಿಕ ಯೂನಿಕ್ಸ್ ವ್ಯವಸ್ಥೆಯ ಯಂತ್ರಗಳಲ್ಲಿಯೂ ನಡೆಯಿತು. ಅದರ ನೆರವಿನಿಂದ ಇಡಿಯಾಗಿ ಗಣಕದಲ್ಲೇ ರೂಪುಗೊಂಡ ಬೋಯಿಂಗ್ 777 ವಿಮಾನವು 1994ರ ಜೂನ್ ತಿಂಗಳಲ್ಲಿ ಆಕಾಶಕ್ಕೇರಿದಾಗ ವಿಂಡೋಸ್ 95 ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. 1982ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಆಟೋಕ್ಯಾಡ್ ಕೂಡ ಆಗಿನ ಹಲವು ಬಗೆಯ ಸಣ್ಣ ಗಣಕಗಳಲ್ಲಿ ನಡೆಯುತ್ತಿತ್ತು. ಯೂನಿಕ್ಸ್‌ಗೂ ಅದರ ಆವೃತ್ತಿಗಳಿದ್ದವು. 1997ರಲ್ಲಿ ಬಂದ 14ನೆಯ ಆವೃತ್ತಿಯಿಂದ ಮಾತ್ರ ಅದು ವಿಂಡೋಸ್ ಒಂದಕ್ಕೇ ಸೀಮಿತವಾಯಿತು. 1995ರಲ್ಲಿ ಸಾಲಿಡ್‌ವರ್ಕ್ಸ್ ಹುಟ್ಟಿದ್ದಂತೂ ವಿಂಡೋಸ್ ಮನೆಯಲ್ಲಿಯೇ. ಬೆಲೆಬಾಳುವ ಯೂನಿಕ್ಸ್ ಯಂತ್ರಗಳ ಕೆಲಸವನ್ನು ಸಾಮಾನ್ಯ ಮೇಜಿನ ಗಣಕದಲ್ಲಿ ಮಾಡಿ ತೋರಿಸಿದ್ದೇ ಅದರ ಜನಪ್ರಿಯತೆಯ ಕಾರಣ. ಅಂದರೆ, ಒಂದು ಕಾಲದಲ್ಲಿ ವಿಂಡೋಸೇ ‘ಪರ್ಯಾಯ’ವಾಗಿತ್ತು, ಅಗ್ಗದ ದಾರಿಯಾಗಿತ್ತು. ಇಂದು ಲಿನಕ್ಸಿನ ಬಗ್ಗೆ ಮೂಗು ಮುರಿಯುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಹಾಗಾದರೆ ಇಂಥ ತಂತ್ರಾಂಶಗಳನ್ನು ಲಿನಕ್ಸಿಗೆ ಸಾಗಿಸುವುದು ಏಕೆ ಕಷ್ಟ? ಮೂವತ್ತು ವರ್ಷಗಳ ಸಹವಾಸದಲ್ಲಿ ಅವು ಆಶ್ರಯದಾತನ ಮನೆಯ ಪಾತ್ರೆಪದಾರ್ಥಗಳನ್ನೆಲ್ಲ ತಮ್ಮವೆಂದೇ ಬಳಸಿಕೊಂಡಿವೆ. ಉದಾಹರಣೆಗೆ, ಒಂದೇ ಬೋಲ್ಟನ್ನು ಹತ್ತು ಅಳತೆಗಳಲ್ಲಿ ಪಡೆಯಲು ಸಾಲಿಡ್‌ವರ್ಕ್ಸಿನಲ್ಲಿ ಒಂದು ಕೋಷ್ಟಕವನ್ನು ಬಳಸುವರು. ಆ ಕೋಷ್ಟಕವು ಎಕ್ಸೆಲ್ ತಂತ್ರಾಂಶವನ್ನು ಅವಲಂಬಿಸಿದೆ. ಒಂದು ಭಾಗವು ಇನ್ನೊಂದರೊಡನೆ ಮಾತನಾಡುವ ಪದ್ಧತಿ ಮೈಕ್ರೋಸಾಫ್ಟಿನದು. ಪರವಾನಗಿಯನ್ನು ಪರೀಕ್ಷಿಸುವ ಕಾವಲುಗಾರ ತಂತ್ರಾಂಶವೂ ವಿಂಡೋಸಿನ ಒಳಮನೆಯಲ್ಲಿಯೇ ಕುಳಿತಿರುತ್ತದೆ. ಕಂಬವೊಂದನ್ನು ಕೀಳಹೋದರೆ ತೊಲೆಯೂ ಜಂತೆಯೂ ಜೊತೆಗೆ ಬರುತ್ತವೆ.

ಈ ಕಷ್ಟವನ್ನು ದಾಟಲು ಹೂಡಿರುವ ಉಪಾಯಗಳಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು ‘ವೈನ್’. ಹೆಸರು ಕೇಳಿ ಯಾರೂ ಬೆಚ್ಚಬೇಕಾಗಿಲ್ಲ. ಮದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ‘ವೈನ್ ಎಂಬುದು ಅನುಕಾರಿಯಲ್ಲ’ ಎಂಬರ್ಥದ ಆಂಗ್ಲ ವಾಕ್ಯದ ಮೊದಲಕ್ಷರಗಳಿಂದ ಆದ ಹೆಸರದು. 1993ರಲ್ಲಿ ಆರಂಭವಾದ ಈ ಕಾರ್ಯವು ತನ್ನ 1.0 ಆವೃತ್ತಿಯನ್ನು ಹೊರತರಲು 2008ರ ಜೂನ್ ತಿಂಗಳವರೆಗೆ, ಅಂದರೆ ಹದಿನೈದು ವರ್ಷ, ತೆಗೆದುಕೊಂಡಿತೆಂಬುದರಿಂದಲೇ ಕೆಲಸದ ಕಾಠಿಣ್ಯವನ್ನು ಊಹಿಸಬಹುದು. ಇದು ನ್ಯಾಯಸ್ಥಾನದ ದುಭಾಷಿಯಂತೆ. ವಿಂಡೋಸಿಗಾಗಿ ಬರೆದ ತಂತ್ರಾಂಶವು ತನ್ನ ಅಭ್ಯಾಸದ ನಮೂನೆಯಲ್ಲಿಯೇ ಅರ್ಜಿ ಹಿಡಿಯುತ್ತದೆ. ವೈನ್ ಅದನ್ನು ಕೈಗೆತ್ತಿಕೊಂಡು ಲಿನಕ್ಸ್ ಬಲ್ಲ ನಮೂನೆಗೆ ತಿರುಗಿಸುತ್ತದೆ, ಬಂದ ಉತ್ತರವನ್ನು ಮತ್ತೆ ವಿಂಡೋಸಿನ ಧಾಟಿಗೆ ತಿರುಗಿಸಿ ಒಪ್ಪಿಸುತ್ತದೆ. ಗಣಿತದ ಲೆಕ್ಕಾಚಾರಗಳೆಲ್ಲ ಅದೇ ಸಂಸ್ಕಾರಕದಲ್ಲಿ ನೇರವಾಗಿ ನಡೆಯುವುದರಿಂದ ವೇಗಕ್ಕೆ ಹೆಚ್ಚಿನ ಹಾನಿಯಿಲ್ಲ.

ದುಭಾಷಿಯು ಎಷ್ಟೇ ಜಾಣನಾದರೂ ತಾನು ಕೇಳಿರದ ಮಾತು ಬಂದಾಗ ತಡವರಿಸುತ್ತಾನೆ. ವೈನ್ ಕೂಡ ಹಾಗೆಯೇ. ಹಳೆಯ, ಸರಳವಾದ ತಂತ್ರಾಂಶಗಳು ಅದರಲ್ಲಿ ಸುಖವಾಗಿ ನಡೆಯುತ್ತವೆ. ದೊಡ್ಡ ವಿನ್ಯಾಸ ತಂತ್ರಾಂಶಗಳಾದರೋ ಸ್ಥಾಪನೆಯ ಹಂತದಲ್ಲಿಯೋ ಪರವಾನಗಿಯ ಪರೀಕ್ಷೆಯಲ್ಲಿಯೋ ಮೂರು ಆಯಾಮದ ಚಿತ್ರವನ್ನು ತಿರುಗಿಸುವಾಗಲೋ ಮುಗ್ಗರಿಸುವ ಸಂಭವ ಹೆಚ್ಚು. ಇಂದು ನಡೆದುದು ಮುಂದಿನ ಪರಿಷ್ಕರಣೆ ಬಂದ ಮರುದಿನ ನಡೆಯದಿರಬಹುದು. ಆಗ ತಂತ್ರಾಂಶವನ್ನು ಮಾರಿದ ಸಂಸ್ಥೆಯನ್ನು ಕೇಳಿದರೆ ಲಿನಕ್ಸಿನ ಹೊಣೆ ತನ್ನದಲ್ಲವೆಂಬ ಉತ್ತರ ಬರುವುದು ಸಹಜ. 2018ರಲ್ಲಿ ವಾಲ್ವ್ ಸಂಸ್ಥೆಯು ವೈನನ್ನು ಆಧರಿಸಿ ಪ್ರೋಟಾನ್ ಎಂಬ ಸಾಧನವನ್ನು ಹೊರತಂದ ಮೇಲೆ ವಿಂಡೋಸಿನ ಆಟಗಳು ಲಿನಕ್ಸಿನಲ್ಲಿ ಧಾರಾಳವಾಗಿ ನಡೆಯುತ್ತಿವೆ. ಆಟಕ್ಕೆ ಸುಗಮವಾದ ದಾರಿ ಉದ್ಯೋಗಕ್ಕೆ ಇನ್ನೂ ಸುಗಮವಾಗದಿರುವುದು ಕಾಲದ ವಿನೋದವೆನ್ನಬೇಕು. ಕಲಿಕೆಗೆ, ಪ್ರಯೋಗಕ್ಕೆ ವೈನ್ ಯೋಗ್ಯ. ನಾಳೆ ಬೆಳಿಗ್ಗೆ ಗಿರಾಕಿಗೆ ನಕ್ಷೆ ಒಪ್ಪಿಸಬೇಕಾದವನು ಅದೊಂದನ್ನೇ ನಂಬಿ ಕೂರುವುದು ಸಲ್ಲದು.

ಇದಕ್ಕಿಂತ ನಂಬಿಕೆಯ ದಾರಿ ಕಲ್ಪಿತ ಯಂತ್ರದ್ದು. ಲಿನಕ್ಸ್ ಗಣಕದೊಳಗೆ ತಂತ್ರಾಂಶದಿಂದಲೇ ಇನ್ನೊಂದು ಗಣಕವನ್ನು ಕಲ್ಪಿಸಿ ಅದರಲ್ಲಿ ನಿಜವಾದ ವಿಂಡೋಸನ್ನು ಇರಿಸುವ ಪದ್ಧತಿಯಿದು. ಇಲ್ಲಿ ದುಭಾಷಿಯ ತಡವರಿಕೆಯಿಲ್ಲ. ಆದರೆ ಮನೆಯೊಳಗೊಂದು ಮನೆ ಕಟ್ಟಿದಂತಾಗುವುದರಿಂದ ಸ್ಮೃತಿ ಇಮ್ಮಡಿಯಾಗಿ ಬೇಕಾಗುತ್ತದೆ, ಚಿತ್ರಸಂಸ್ಕಾರಕದ ಪೂರ್ಣ ಶಕ್ತಿ ಒಳಮನೆಗೆ ತಲುಪಬೇಕಾದರೆ ವಿಶೇಷ ಏರ್ಪಾಡು ಅಗತ್ಯ, ವಿಂಡೋಸಿನ ಪರವಾನಗಿಯ ಖರ್ಚಂತೂ ಉಳಿಯುವುದಿಲ್ಲ. ಹಳೆಯ ಯಂತ್ರವನ್ನು ಉಳಿಸಿಕೊಳ್ಳಲು ಹೊರಟವರಿಗೆ ಇದು ಒದಗದು. ಒಂದೇ ಗಣಕದಲ್ಲಿ ಎರಡೂ ವ್ಯವಸ್ಥೆಗಳನ್ನಿರಿಸಿ ಬೇಕಾದಾಗ ಬೇಕಾದುದನ್ನು ಎಬ್ಬಿಸುವ ರೂಢಿಯೂ ಉಂಟು. ಆಪಲ್ ಗಣಕಗಳಲ್ಲಿ 2006ರಿಂದ ಬೂಟ್ ಕ್ಯಾಂಪ್ ಎಂಬ ಹೆಸರಿನಲ್ಲಿ ಈ ಸೌಕರ್ಯವಿತ್ತು. 2020ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ತನ್ನದೇ ಆದ ಎಂ1 ಸಂಸ್ಕಾರಕವನ್ನು ತಂದ ಮೇಲೆ ಆ ಬಗೆಯ ಯಂತ್ರಗಳಲ್ಲಿ ಈ ಬಾಗಿಲು ಮುಚ್ಚಿತು.

ದುಭಾಷಿಯೂ ಬೇಡ, ಒಳಮನೆಯೂ ಬೇಡ, ಆಯಾ ವ್ಯವಸ್ಥೆಗೆಂದೇ ಬರೆದ ತಂತ್ರಾಂಶವಿದ್ದರೆ ಉತ್ತಮವಲ್ಲವೇ ಎಂದರೆ, ಅಂಥವೂ ಇವೆ. ಆಟೋಕ್ಯಾಡ್ 2010ರಲ್ಲಿ ಮ್ಯಾಕ್ ಗಣಕಗಳಿಗೆ ಮರಳಿ ಬಂದಿತು, ವಿಂಡೋಸಿನ ಆವೃತ್ತಿಯ ಎಲ್ಲ ಸೌಲಭ್ಯಗಳೂ ಅದರಲ್ಲಿ ಇಲ್ಲವಾದರೂ. ಲಿನಕ್ಸಿನ ಕಡೆಗೆ ಅದು ಮುಖ ತಿರುಗಿಸಿಲ್ಲ. ಬೆಲ್ಜಿಯಮಿನ ಬ್ರಿಕ್ಸ್‌ಕ್ಯಾಡ್ ಮಾತ್ರ ಮೂರು ವ್ಯವಸ್ಥೆಗಳಿಗೂ ದೊರೆಯುತ್ತದೆ. ಅದು ಆಟೋಕ್ಯಾಡಿನ ಡಿ.ಡಬ್ಲ್ಯು.ಜಿ. ಕಡತಗಳನ್ನು ನೇರವಾಗಿ ತೆರೆದು ಅದೇ ರೂಪದಲ್ಲಿ ಉಳಿಸುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವದು. ಹಣ ಕೊಡದೆ ಪಡೆದುದರ ಭಾಗ್ಯವೇನೆಂಬುದಕ್ಕೆ ಡ್ರಾಫ್ಟ್‌ಸೈಟಿನ ಪ್ರಸಂಗವು ನಿದರ್ಶನ. ಫ್ರಾನ್ಸಿನ ಡಸೋ ಸಂಸ್ಥೆಯು ಇದನ್ನು ಮೂರೂ ವ್ಯವಸ್ಥೆಗಳಿಗೆ ಉಚಿತವಾಗಿ ಹಂಚಿತ್ತು. ಲೋಕದಾದ್ಯಂತ ಅನೇಕರು ಅದಕ್ಕೆ ಒಗ್ಗಿಕೊಂಡರು. ಆಮೇಲೆ ಸಂಸ್ಥೆ ಮನಸ್ಸು ಬದಲಿಸಿತು. 2019ರ ಡಿಸೆಂಬರ್ 31 ಕಳೆದ ಮೇಲೆ ಉಚಿತ ಆವೃತ್ತಿಗಳು ನಡೆಯದಂತಾದವು, ಲಿನಕ್ಸಿನ ಆವೃತ್ತಿಯೂ ಮರೆಯಾಯಿತು. ಉಚಿತವೇ ಬೇರೆ, ಮುಕ್ತವೇ ಬೇರೆ ಎಂಬ ಭೇದವನ್ನು ಅಂದು ಹಲವರು ಕಷ್ಟದಿಂದ ಕಲಿಯಬೇಕಾಯಿತು. ಉಚಿತವೆಂಬುದು ಕೊಡುವವನ ಇಚ್ಛೆಗೆ ಒಳಪಟ್ಟದ್ದು. ಮುಕ್ತ ತಂತ್ರಾಂಶದಲ್ಲಾದರೆ ಅದರ ಮೂಲಪಾಠವೇ ಪಡೆದವನ ಕೈಯಲ್ಲಿರುತ್ತದೆ. ಕೊಟ್ಟವನು ಹಿಂದೆಗೆದರೂ ಇನ್ನೊಬ್ಬನು ಅದನ್ನು ಮುಂದುವರಿಸಬಹುದು.

ಇಂಥ ಮುಕ್ತ ತಂತ್ರಾಂಶಗಳಲ್ಲಿ ಯಂತ್ರವಿನ್ಯಾಸಕ್ಕೆ ಮುಖ್ಯವಾದುದು ಫ್ರೀಕ್ಯಾಡ್. 2002ರಲ್ಲಿ ಮೊದಲು ಪ್ರಕಟವಾದ ಇದು 1.0 ಎಂಬ ಅಂಕಿತವನ್ನು ಧರಿಸಿದ್ದು 2024ರ ನವೆಂಬರಿನಲ್ಲಿ. ಅದರ ಜ್ಯಾಮಿತಿಯ ತಿರುಳು ಹಿಂದೆ ಮಾತ್ರಾ ಡೇಟಾವಿಷನ್ ಎಂಬ ಫ್ರೆಂಚ್ ಸಂಸ್ಥೆಯ ಸೊತ್ತಾಗಿದ್ದು 1999ರಲ್ಲಿ ಲೋಕಕ್ಕೆ ಮುಕ್ತವಾದ ಓಪನ್ ಕ್ಯಾಸ್ಕೇಡ್. ಈ ತಂತ್ರಾಂಶವನ್ನು ಬಹುಕಾಲ ಕಾಡಿದ ದೋಷವೊಂದನ್ನು ಇಲ್ಲಿ ವಿವರಿಸಬೇಕು. ಏಕೆಂದರೆ ‘ಮುಕ್ತ ತಂತ್ರಾಂಶ ವೃತ್ತಿಗೆ ಸಾಲದು’ ಎಂಬ ಆಕ್ಷೇಪಕ್ಕೆ ಬಹುಮಟ್ಟಿಗೆ ಅದೇ ಆಧಾರವಾಗಿತ್ತು. ಘನವಸ್ತುವೊಂದನ್ನು ರಚಿಸುವಾಗ ಗಣಕವು ಅದರ ಮುಖಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಡುತ್ತದೆ. ಆರನೆಯ ಮುಖದ ಮೇಲೆ ರಂಧ್ರವೊಂದನ್ನು ಕೊರೆಯಲಾಯಿತೆನ್ನೋಣ. ಅನಂತರ ವಿನ್ಯಾಸಕಾರನು ಹಿಂದಿನ ಹಂತಕ್ಕೆ ಹೋಗಿ ಒಂದು ಮೂಲೆಯನ್ನು ಕತ್ತರಿಸಿದರೆ ಮುಖಗಳ ಸಂಖ್ಯೆಗಳು ಬದಲಾಗಿ ಹಳೆಯ ಆರನೆಯದು ಏಳನೆಯದಾಗುತ್ತದೆ. ರಂಧ್ರ ಮಾತ್ರ ‘ಆರನೆಯ ಮುಖ’ವೆಂಬ ನೆನಪನ್ನೇ ಹಿಡಿದು ಬೇರೆಲ್ಲಿಯೋ ಹೋಗಿ ನಿಲ್ಲುತ್ತದೆ. ಹಸ್ತಪ್ರತಿಗಳ ಸಂಪಾದನೆಯಲ್ಲಿ ಪಳಗಿದವರಿಗೆ ಇದು ಅಪರಿಚಿತವಲ್ಲ. ಪ್ರಕ್ಷಿಪ್ತ ಪದ್ಯವೊಂದು ನಡುವೆ ಸೇರಿಕೊಂಡರೆ, ಕೇವಲ ಪದ್ಯಸಂಖ್ಯೆಯನ್ನು ನಂಬಿದ ಟೀಕೆಯೆಲ್ಲವೂ ಒಂದೊಂದು ಪದ್ಯ ಪಲ್ಲಟವಾಗಿ ಅರ್ಥವು ಅನರ್ಥವಾಗುವುದಷ್ಟೆ. ಸಂಪಾದಕನು ಪದ್ಯವನ್ನು ಅಂಕಿಯಿಂದಲ್ಲದೆ ಅದರ ಮೊದಲ ಮಾತಿನಿಂದ ಗುರುತಿಸುವಂತೆ, ಮುಖವನ್ನು ಅದರ ಹುಟ್ಟಿನ ಚರಿತ್ರೆಯಿಂದ ಗುರುತಿಸುವ ಉಪಾಯವನ್ನು 1.0 ಆವೃತ್ತಿಯಲ್ಲಿ ಅಳವಡಿಸಿ ಈ ದೋಷವನ್ನು ಬಹಳಮಟ್ಟಿಗೆ ತಗ್ಗಿಸಲಾಗಿದೆ. ಆದರೂ ಸಾವಿರಾರು ಬಿಡಿಭಾಗಗಳ ದೊಡ್ಡ ಯಂತ್ರದ ಜೋಡಣೆಗೆ ಬೆಲೆಯ ತಂತ್ರಾಂಶಗಳ ಸರಾಗತೆ ಫ್ರೀಕ್ಯಾಡಿಗೆ ಇನ್ನೂ ಬಂದಿಲ್ಲವೆಂಬುದನ್ನು ಪಕ್ಷಪಾತವಿಲ್ಲದೆ ಒಪ್ಪಬೇಕು. ಬ್ರಾಕೆಟ್ಟು, ಫ್ಲ್ಯಾಂಜು, ಜಿಗ್ಗು, ಅಚ್ಚಿನ ಮಾದರಿ ಇವುಗಳಿಗೆ ಅದು ಧಾರಾಳವಾಗಿ ಸಾಕು.

ವಿದ್ಯುನ್ಮಂಡಲಗಳ ಹಲಗೆಯನ್ನು ರಚಿಸುವ ಕ್ಷೇತ್ರದಲ್ಲಿ ಈ ಅಂತರವೂ ಬಹುಪಾಲು ಕರಗಿದೆ. ಗ್ರೆನೋಬಲ್ ನಗರದ ಅಧ್ಯಾಪಕ ಝಾನ್ ಪಿಯೆರ್ ಶರಾ ಎಂಬುವರು 1992ರಲ್ಲಿ ಆರಂಭಿಸಿದ ಕಿಕ್ಯಾಡ್, 2013ರಿಂದ ಯೂರೋಪಿನ ಪರಮಾಣು ಸಂಶೋಧನ ಸಂಸ್ಥೆಯಾದ ಸರ್ನ್‌ನ ನೆರವನ್ನೂ ಪಡೆದು ಇಂದು ಮೂರು ವ್ಯವಸ್ಥೆಗಳಲ್ಲಿಯೂ ಸಮಾನವಾಗಿ ನಡೆಯುತ್ತದೆ. ದ್ರವಗಳ ಹರಿವನ್ನು ಲೆಕ್ಕಹಾಕುವ ಓಪನ್‌ಫೋಮ್ 2004ರಲ್ಲಿ ಮುಕ್ತವಾಯಿತು. ಅದರ ತವರೇ ಲಿನಕ್ಸ್. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಮೊದಲ ಐನೂರು ಮಹಾಗಣಕಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸಿನಲ್ಲಿಯೇ ನಡೆಯುತ್ತಿವೆ. ಸೇತುವೆ ಬಾಗುವುದೇ, ವಿಮಾನದ ರೆಕ್ಕೆ ತಡೆಯುವುದೇ ಎಂಬ ಭಾರಿ ಲೆಕ್ಕವನ್ನು ಲಿನಕ್ಸಿಗೆ ಒಪ್ಪಿಸಿ, ಅದರ ಗೆರೆ ಎಳೆಯುವುದಕ್ಕೆ ಮಾತ್ರ ಲಿನಕ್ಸ್ ಆಗದೆನ್ನುವುದು ವಿಚಿತ್ರ.

ಇನ್ನು ಜಾಲದ ಮೂಲಕ ಒದಗುವ ತಂತ್ರಾಂಶ. ಸಾಲಿಡ್‌ವರ್ಕ್ಸನ್ನು ಸ್ಥಾಪಿಸಿದ ಜಾನ್ ಹರ್ಷ್‌ಟಿಕ್ ಎಂಬುವರೇ ಸಂಗಡಿಗರೊಡನೆ ಕಟ್ಟಿದ ಆನ್‌ಶೇಪ್ 2015ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬ್ರೌಸರ್ ಇರುವ ಯಾವ ಗಣಕದಲ್ಲಾದರೂ ಇದು ನಡೆಯುವುದರಿಂದ ಕಾರ್ಯಾಚರಣ ವ್ಯವಸ್ಥೆಯ ಪ್ರಶ್ನೆಯೇ ಏಳುವುದಿಲ್ಲ. ಆದರೆ ನಕ್ಷೆಯು ಇರುವುದು ಸಂಸ್ಥೆಯ ಗಣಕದಲ್ಲಿ. ಉಚಿತವಾಗಿ ಬಳಸುವವರ ನಕ್ಷೆಗಳು ಎಲ್ಲರಿಗೂ ಕಾಣುವಂತಿರುತ್ತವೆ, ವ್ಯಾಪಾರಕ್ಕೆ ಅವನ್ನು ಬಳಸಲು ಅನುಮತಿಯೂ ಇಲ್ಲ. ವಿದ್ಯಾರ್ಥಿಗೆ ಇದರಿಂದ ಬಾಧಕವಿಲ್ಲ. ಗಿರಾಕಿಯ ಗುಟ್ಟನ್ನು ಕಾಯಬೇಕಾದವನು ಯೋಚಿಸಬೇಕು.

ಇಷ್ಟು ದಾರಿಗಳನ್ನು ನೋಡಿದ ಮೇಲೆ ಹೊಳೆಯುವುದೇನೆಂದರೆ, ಯಾವ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ ನಡೆದೀತೆಂಬುದಕ್ಕಿಂತ, ಆಗಿರುವ ನಕ್ಷೆಯು ಯಾವ ರೂಪದಲ್ಲಿ ಉಳಿದೀತೆಂಬುದೇ ಹಿರಿದಾದ ಪ್ರಶ್ನೆ. ಆಟೋಕ್ಯಾಡಿನ ಡಿ.ಡಬ್ಲ್ಯು.ಜಿ. ರೂಪವು ಖಾಸಗಿ ಸೊತ್ತು. ಅದರ ಒಳಗುಟ್ಟನ್ನು ಅರಿತು ಇತರ ತಂತ್ರಾಂಶಗಳಿಗೂ ಒದಗಿಸಲೆಂದೇ 1998ರಲ್ಲಿ ಹಲವು ಸಂಸ್ಥೆಗಳ ಒಕ್ಕೂಟವೊಂದು ಹುಟ್ಟಬೇಕಾಯಿತು. ಇದಕ್ಕೆ ಪ್ರತಿಯಾಗಿ ‘ಸ್ಟೆಪ್’ ಎಂಬುದು 1994ರಲ್ಲಿ ಮೊದಲು ಪ್ರಕಟವಾದ ಅಂತರರಾಷ್ಟ್ರೀಯ ಪ್ರಮಾಣ. ಐ.ಎಸ್.ಓ. 10303 ಎಂಬುದು ಅದರ ಸಂಖ್ಯೆ. ಸ್ಟೆಪ್ ಕಡತವು ಸಾಮಾನ್ಯ ಅಕ್ಷರಗಳಲ್ಲಿ ಬರೆದ ಪಾಠ. ಯಾವ ತಂತ್ರಾಂಶವೂ ಇಲ್ಲದಿದ್ದರೂ ಬಿಂದುಗಳ ನಿರ್ದೇಶಾಂಕಗಳನ್ನು ಕಣ್ಣಿನಿಂದಲೇ ಓದಬಹುದು. ಕೊರತೆಯೆಂದರೆ, ಅದು ವಸ್ತುವಿನ ಆಕಾರವನ್ನು ಸಾಗಿಸುತ್ತದೆಯೇ ಹೊರತು ಆ ಆಕಾರ ಹೇಗೆ ಬಂದಿತೆಂಬ ಹಂತಗಳನ್ನು ಸಾಮಾನ್ಯವಾಗಿ ಸಾಗಿಸುವುದಿಲ್ಲ. ಮೊದಲು ಯಾವ ಗೆರೆ, ಬಳಿಕ ಯಾವ ಅಳತೆ, ಯಾವುದು ಯಾವುದಕ್ಕೆ ಅಧೀನ ಎಂಬ ವಿನ್ಯಾಸಕಾರನ ಆಶಯವು ಅಲ್ಲಿ ಅಳಿದುಹೋಗುತ್ತದೆ. ಕಾವ್ಯವನ್ನು ಗದ್ಯಾನುವಾದದಲ್ಲಿ ಓದಿದಂತೆ: ಕಥೆ ಬಂದೀತು, ಛಂದಸ್ಸು ಬಾರದು.

ಕನ್ನಡಿಗರಿಗೆ ಈ ಸಂಕಟದ ಪರಿಚಯವನ್ನು ಹೊರಗಿನಿಂದ ತರಬೇಕಾಗಿಲ್ಲ. ಯೂನಿಕೋಡ್ ಸಂಕೇತವು ಬಳಕೆಗೆ ಬರುವ ಮೊದಲು ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪುಟಗಳನ್ನು ಆ ವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಬರೆದವನ ಶ್ರಮ ಅಲ್ಲಿಯೇ ಇದೆ, ಓದುವ ಕೀಲಿಕೈ ಮಾತ್ರ ಇಲ್ಲ. ಪರಿವರ್ತಕಗಳಿಂದ ಅನೇಕ ಪುಟಗಳು ಉದ್ಧಾರವಾಗಿವೆ. ಆದರೂ ಪರಿವರ್ತನೆಯಾದ ಪಾಠದಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳ ತಪ್ಪನ್ನು ತಿದ್ದುವ ಕರಡುತಿದ್ದುಗರ ಪಾಡು ಅವರಿಗೇ ಗೊತ್ತು. ಅಕ್ಷರಕ್ಕೆ ಒದಗಿದ್ದು ನಕ್ಷೆಗೂ ಒದಗುತ್ತದೆ. ಅಕ್ಷರದ ತಪ್ಪು ಓದುಗನನ್ನು ಎಡವಿಸಿದರೆ ಅಳತೆಯ ತಪ್ಪು ಲೋಹವನ್ನೇ ಹಾಳುಮಾಡುತ್ತದೆ.

ಪೀಣ್ಯದ ಕಾರ್ಯಾಗಾರವಾಗಲಿ ಬೆಳಗಾವಿಯ ಎರಕದ ಕಾರ್ಖಾನೆಯಾಗಲಿ, ಗಿರಾಕಿ ಕಳುಹಿಸಿದ ರೂಪದ ನಕ್ಷೆಯನ್ನು ತೆರೆಯಲಾರೆನೆಂದರೆ ಕೆಲಸವು ಪಕ್ಕದವರ ಪಾಲಾಗುತ್ತದೆ. ಆದುದರಿಂದ ಅಂಥ ಕಡೆ ಬೆಲೆಯ ತಂತ್ರಾಂಶವನ್ನು ಹೀಗಳೆಯುವುದು ಅವ್ಯವಹಾರ್ಯ. ವಿದ್ಯಾಲಯದ ಸ್ಥಿತಿ ಬೇರೆ. ಕಲಿಯುವ ವರ್ಷಗಳಲ್ಲಿ ದೊಡ್ಡ ಸಂಸ್ಥೆಗಳು ವಿದ್ಯಾರ್ಥಿಗೆ ಉಚಿತ ಪರವಾನಗಿ ಕೊಡುತ್ತವೆ. ಅದರಿಂದ ವ್ಯಾಪಾರ ಮಾಡಕೂಡದೆಂಬ ನಿಬಂಧನೆಯಿರುತ್ತದೆ. ಪದವಿ ಮುಗಿಸಿ ಸ್ವಂತ ಉದ್ಯೋಗ ಹೂಡುವ ದಿನ ಆ ಬಾಗಿಲು ಮುಚ್ಚುತ್ತದೆ. ಆಟೋಡೆಸ್ಕ್ ಸಂಸ್ಥೆಯು ಶಾಶ್ವತ ಪರವಾನಗಿಗಳ ಮಾರಾಟವನ್ನು 2016ರಲ್ಲಿ ನಿಲ್ಲಿಸಿ ವಾಯಿದೆಯ ಬಾಡಿಗೆಯನ್ನೇ ಉಳಿಸಿಕೊಂಡಿರುವುದರಿಂದ ಒಮ್ಮೆ ಕೊಂಡು ಬಹುಕಾಲ ಬಾಳಿಸುವ ದಾರಿಯೂ ಇಲ್ಲ. ಗಣಕಗಳನ್ನು ದಾನವಾಗಿ ಕೊಡುವ ಮಹನೀಯರು ಯಂತ್ರದ ಬೆಲೆಯೊಂದನ್ನೇ ಎಣಿಸದೆ, ಪ್ರತಿವರ್ಷ ತೆರಬೇಕಾದ ಈ ಬಾಡಿಗೆಯನ್ನೂ ಎಣಿಸುವುದು ಉಚಿತ. ವಿದ್ಯಾರ್ಥಿಯು ಆಟೋಕ್ಯಾಡನ್ನೂ ಕಲಿಯಲಿ, ಹಳೆಯ ಗಣಕದ ಲಿನಕ್ಸಿನಲ್ಲಿ ಫ್ರೀಕ್ಯಾಡನ್ನೂ ಕಲಿಯಲಿ. ಎರಡನ್ನು ಬಲ್ಲವನಿಗೆ ಗುಂಡಿಗಳ ಸ್ಥಾನ ಮುಖ್ಯವಲ್ಲ, ಜ್ಯಾಮಿತಿ ಮುಖ್ಯವೆಂಬುದು ತಾನಾಗಿಯೇ ತಿಳಿಯುತ್ತದೆ. ಮುಂಬಯಿಯ ಐ.ಐ.ಟಿ.ಯಲ್ಲಿ ಫೋಸಿ ಎಂಬ ಯೋಜನೆಯು ಕೇಂದ್ರ ಸರ್ಕಾರದ ನೆರವಿನಿಂದ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಮುಕ್ತ ತಂತ್ರಾಂಶವನ್ನು ಬಳಕೆಗೆ ತರುತ್ತಿದೆ. ಅದೇ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಲ್ಲಿ ಹಲವಕ್ಕೆ ಕನ್ನಡದ ಧ್ವನಿಯೂ ಉಂಟು.

ವ್ಯವಸ್ಥೆಯನ್ನು ಬದಲಿಸಲು ನಿಶ್ಚಯಿಸಿದವರು ಹೊಸ ನಕ್ಷೆಯಿಂದ ಆರಂಭಿಸದೆ ಹಳೆಯದರಿಂದ ಆರಂಭಿಸುವುದು ಲೇಸು. ನಿತ್ಯವೂ ಬಳಕೆಯಲ್ಲಿರುವ ಹತ್ತು ನಕ್ಷೆಗಳನ್ನಾಯ್ದು ಹೊಸ ಗಣಕದಲ್ಲಿ ತೆರೆದು, ಒಂದೊಂದು ಅಳತೆಯನ್ನೂ ಹಳೆಯ ಮುದ್ರಿತ ಪ್ರತಿಯೊಡನೆ ತಾಳೆ ನೋಡಬೇಕು. ಮಿಲಿಮೀಟರು ಅಂಗುಲವಾಗಿ ಬಂದಿಲ್ಲವಷ್ಟೆ ಎಂಬುದನ್ನು ಮೊದಲು ವಿಚಾರಿಸಬೇಕು. ಕಾಗದದ ಮೇಲೆ ಅಚ್ಚುಮಾಡಿ ಅಳತೆಪಟ್ಟಿಯನ್ನಿಟ್ಟು ಪ್ರಮಾಣವನ್ನು ಪರೀಕ್ಷಿಸಬೇಕು. ಮೂಲ ಕಡತವನ್ನು ಅಳಿಸದೆ ಅದರ ಪಕ್ಕದಲ್ಲಿ ಸ್ಟೆಪ್ ಪ್ರತಿಯೊಂದನ್ನೂ ಕಣ್ಣಿಗೆ ಕಾಣುವ ಪಿ.ಡಿ.ಎಫ್. ಪ್ರತಿಯೊಂದನ್ನೂ ಇರಿಸಬೇಕು. ಫ್ರೀಕ್ಯಾಡ್ ಡಿ.ಡಬ್ಲ್ಯು.ಜಿ. ಕಡತವನ್ನು ತೆರೆಯಲು ಬೇರೊಂದು ಪರಿವರ್ತಕವನ್ನು ಆಶ್ರಯಿಸುವುದರಿಂದ ಅದನ್ನು ಮೊದಲೇ ಸ್ಥಾಪಿಸಿಕೊಂಡಿರಬೇಕು. ನಕ್ಷೆಯ ಮೂಲೆಯ ಪಟ್ಟಿಯಲ್ಲಿ ಕನ್ನಡದ ಹೆಸರುಗಳಿದ್ದರೆ ಒತ್ತಕ್ಷರಗಳು ಸರಿಯಾಗಿ ಕೂಡಿವೆಯೇ, ಹಳೆಯ ನುಡಿ ಅಕ್ಷರದಲ್ಲಿದ್ದವು ರೋಮನ್ ರಾಶಿಯಾಗಿ ಮಾರ್ಪಟ್ಟಿವೆಯೇ ಎಂಬುದನ್ನು ಕನ್ನಡ ಬಲ್ಲವರೊಬ್ಬರು ಓದಿ ನೋಡಿದ ಬಳಿಕವೇ ನಕ್ಷೆಯನ್ನು ಕಾರ್ಯಾಗಾರಕ್ಕೆ ಇಳಿಸತಕ್ಕದ್ದು.